ಹುಳುಕಡ್ಡಿ ಎಂದು ಆರು ವರ್ಷ ಟ್ಯೂಬ್ ಹಚ್ಚಿದ್ದು ಚರ್ಮದ ಲಿಂಫೋಮಾ ಆಗಿತ್ತು: ಅಪ್ಪನಿಗೆ ಕೀಮೋ ಬೇಡವೇ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು, ಅಡಿಕೆ ತೋಟ ಇದೆ. ಅಪ್ಪನಿಗೆ 61 ವರ್ಷ. ಆರು ವರ್ಷದಿಂದ ಅವರ ಸೊಂಟದ ಸುತ್ತ, ಕೂರುವ ಜಾಗದಲ್ಲಿ, ತೊಡೆಯ ಒಳಭಾಗದಲ್ಲಿ ಕೆಂಪು-ಕಂದು ಮಚ್ಚೆಗಳಿವೆ. ಮಳೆಗಾಲದ ಹುಳುಕಡ್ಡಿ ಎಂದು ಮೆಡಿಕಲ್ ಶಾಪಿನಿಂದ ಟ್ಯೂಬ್ ತಂದು ಹಚ್ಚುತ್ತಿದ್ದರು. ಹಚ್ಚಿದಾಗ ಕಡಿಮೆ, ಬಿಟ್ಟರೆ ಮತ್ತೆ ಅಲ್ಲೇ. ಫಂಗಸ್ ಮಾತ್ರೆಯನ್ನೂ ತಿಂಗಳುಗಟ್ಟಲೆ ನುಂಗಿದರು. ಈ ವರ್ಷ ಶಿವಮೊಗ್ಗದ ಚರ್ಮದ ಡಾಕ್ಟರು ಎರಡು ಕಡೆ ಬಯಾಪ್ಸಿ (ಚರ್ಮದ ಚೂರು ತೆಗೆದು ಪರೀಕ್ಷೆ) ಮಾಡಿದರು. ರಿಪೋರ್ಟಿನಲ್ಲಿ ‘ಮೈಕೋಸಿಸ್ ಫಂಗಾಯ್ಡಿಸ್’ ಎಂದು ಬಂದಿದೆ. ಇದೊಂದು ಅಪರೂಪದ ಲಿಂಫೋಮಾ, 1ಬಿ ಹಂತದಲ್ಲಿದೆ, ಕೀಮೋ ಬೇಡ, ಬೆಳಕಿನ ಚಿಕಿತ್ಸೆ ಕೊಡೋಣ ಎಂದರು. ಕ್ಯಾನ್ಸರ್ ಅಂದಮೇಲೆ ಕೀಮೋ ಇಲ್ಲದೆ ಹೇಗೆ? ನೆಂಟರೆಲ್ಲ ಬೆಂಗಳೂರಿಗೆ ಕರ್ಕೊಂಡು ಹೋಗಿ ಅನ್ನುತ್ತಿದ್ದಾರೆ. ಮೊದಲೇ ನಮಗೆ ಗೊತ್ತಾಗಬೇಕಿತ್ತಾ? ಕೊಳೆ ಔಷಧಿ ಹೊಡೆದಿದ್ದಕ್ಕೆ ಬಂತಾ? ಮನೆಯವರಿಗೆ ಅಂಟುತ್ತಾ? ತಂಗಿಯ ಮಗನ ಕೆನ್ನೆ ಮೇಲೆ ಬಿಳಿ ಮಚ್ಚೆ ಇದೆ, ಈಗ ಅದನ್ನು ಕಂಡರೂ ಭಯ. ದಯವಿಟ್ಟು ಹೆಸರು ಹಾಕಬೇಡಿ.

ಉತ್ತರ: ಮೊದಲು ನಿಮ್ಮ ದೊಡ್ಡ ಭಯಕ್ಕೆ ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಡಾಕ್ಟರು ಹೇಳಿದ್ದು ಸರಿಯಾಗಿಯೇ ಇದೆ. 1ಬಿ ಹಂತದ ಮೈಕೋಸಿಸ್ ಫಂಗಾಯ್ಡಿಸ್‌ಗೆ ಕೀಮೋದಿಂದ ಶುರು ಮಾಡುವುದಿಲ್ಲ. ವಯಸ್ಸಾಯಿತು ಎಂದೋ, ಖರ್ಚು ಉಳಿಯಲಿ ಎಂದೋ ಹೇಳಿದ ಮಾತಲ್ಲ ಅದು. ಬೆಂಗಳೂರಿಗೆ ಹೋದರೂ ಮುಂಬೈಗೆ ಹೋದರೂ ಈ ಕಾಯಿಲೆ ಬಲ್ಲವರು ಇದನ್ನೇ ಹೇಳುತ್ತಾರೆ. ಕಾರಣ ಮುಂದೆ ಬರುತ್ತದೆ.

ಅಂಟುವ ಕಾಯಿಲೆ ಇದಲ್ಲ. ಒಂದೇ ಟವೆಲ್, ಒಂದೇ ಹಾಸಿಗೆ, ಒಂದೇ ಬಚ್ಚಲು, ಯಾವುದರಿಂದಲೂ ಹರಡುವುದಿಲ್ಲ. ಅಪ್ಪನ ತಟ್ಟೆ ಲೋಟ ಬೇರೆ ಇಟ್ಟಿದ್ದರೆ ಇವತ್ತೇ ಒಳಗೆ ತಂದಿಡಿ. ಮಕ್ಕಳಿಗೆ, ಮೊಮ್ಮಕ್ಕಳಿಗೆ ಇಳಿದು ಬರುವ ಕಾಯಿಲೆಯೂ ಅಲ್ಲ. ಒಂದೇ ಮನೆಯಲ್ಲಿ ಇಬ್ಬರಿಗೆ ಬಂದದ್ದು ತೀರಾ ಅಪರೂಪ.

ಲಿಂಫೋಮಾ ಎಂದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್. ಹೆಚ್ಚಿನ ಲಿಂಫೋಮಾಗಳು ಕುತ್ತಿಗೆ, ಕಂಕುಳು, ತೊಡೆಸಂದಿಯ ಗ್ರಂಥಿಗಳಲ್ಲಿ ಗಡ್ಡೆಯಾಗಿ ಶುರುವಾಗುತ್ತವೆ. ಇದರ ದಾರಿ ಬೇರೆ. ಲಿಂಫೋಸೈಟ್‌ಗಳಲ್ಲಿ ಟಿ ಕಣ ಎಂದು ಒಂದು ಬಗೆ. ಅವುಗಳಲ್ಲಿ ಕೆಲವು ಚರ್ಮದಲ್ಲೇ ಓಡಾಡಿಕೊಂಡಿರುತ್ತವೆ. ಅಂಥದೊಂದು ಕಣ ಕೆಟ್ಟು, ತನ್ನದೇ ನಕಲುಗಳನ್ನು ನಿಧಾನವಾಗಿ ಬೆಳೆಸುತ್ತಾ ಹೋಗುತ್ತದೆ. ಚರ್ಮದಲ್ಲೇ ಹುಟ್ಟಿ, ಬಹಳ ಜನರಲ್ಲಿ ಕೊನೆವರೆಗೂ ಚರ್ಮದಲ್ಲೇ ಉಳಿಯುತ್ತದೆ. ಹೆಸರಿನಲ್ಲಿ ಫಂಗಸ್ ಇದ್ದರೂ ಫಂಗಸ್‌ಗೂ ಇದಕ್ಕೂ ಸಂಬಂಧವಿಲ್ಲ. ಪ್ಯಾರಿಸ್ಸಿನ ಆಲಿಬೇರ್ ಎಂಬ ವೈದ್ಯ 1806ರಲ್ಲಿ ಇದನ್ನು ಮೊದಲು ವಿವರಿಸಿದ. ಅವನ ರೋಗಿಯ ಮೈಮೇಲಿನ ಗಡ್ಡೆಗಳು ನೋಡಲು ಅಣಬೆಯ ಹಾಗಿದ್ದವು, ಹೆಸರು ಹಾಗೆ ಬಂತು. ರಿಪೋರ್ಟ್ ಹಿಡಿದು ಮೆಡಿಕಲ್‌ನಲ್ಲಿ ಕೇಳಿದರೆ ಮತ್ತೆ ಫಂಗಸ್ ಮುಲಾಮನ್ನೇ ಕೊಟ್ಟಾರು, ಹುಷಾರು.

‘ಮೊದಲೇ ಗೊತ್ತಾಗಬೇಕಿತ್ತಾ’ ಎಂದು ಕೇಳಿದ್ದೀರಿ. ಆ ಪ್ರಶ್ನೆಯ ಒಳಗೆ ನಿಮ್ಮನ್ನು ನೀವೇ ಬೈದುಕೊಳ್ಳುವುದು ಕಾಣಿಸುತ್ತಿದೆ. ಅದನ್ನು ಬಿಡಿ. ಮೊದಲ ಮಚ್ಚೆ ಬಂದು ಕಾಯಿಲೆಯ ಹೆಸರು ಖಚಿತವಾಗಲು ಮೂರು ನಾಲ್ಕು ವರ್ಷ ಹಿಡಿಯುವುದು ಯುರೋಪಿನ ದೊಡ್ಡ ಆಸ್ಪತ್ರೆಗಳಲ್ಲೂ ಮಾಮೂಲು. ಅಲ್ಲಿನ ಲೆಕ್ಕದಲ್ಲಿ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಐದಾರು ಮಂದಿಗೆ ಹೊಸದಾಗಿ ಈ ಕಾಯಿಲೆ ಬರುತ್ತದೆ. ಅದೇ ಲೆಕ್ಕವನ್ನು ಹದಿನೇಳು ಲಕ್ಷಕ್ಕೂ ಹೆಚ್ಚು ಜನರಿರುವ ಶಿವಮೊಗ್ಗ ಜಿಲ್ಲೆಗೆ ಹಾಕಿದರೆ ವರ್ಷಕ್ಕೆ ಹತ್ತು ಮಂದಿಯ ಆಸುಪಾಸು. ಇನ್ನು ಹುಳುಕಡ್ಡಿ? ಜುಲೈ ತಿಂಗಳ ಒಂದೇ ದಿನದ ಒಪಿಡಿಯಲ್ಲಿ ಅದಕ್ಕಿಂತ ಜಾಸ್ತಿ ಜನ ಬರುತ್ತಾರೆ.

ಅದೂ ನಮ್ಮ ಮಲೆನಾಡಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದೇ ಇಲ್ಲ. ಒಲೆ ಪಕ್ಕ ಹಗ್ಗ ಕಟ್ಟಿ ಹರವಿದ ಚಡ್ಡಿ ಅರ್ಧ ಒಣಗಿರುವಾಗಲೇ ಮೈಮೇಲೆ ಬರುತ್ತದೆ. ಪ್ಲಾಸ್ಟಿಕ್ ಕೊಪ್ಪೆಯ ಒಳಗೆ ಬೆವರು, ಹೊರಗೆ ಮಳೆ. ಸೊಂಟದಲ್ಲಿ, ತೊಡೆಸಂದಿಯಲ್ಲಿ ತುರಿಕೆ ಅಂದಕೂಡಲೇ ಹುಳುಕಡ್ಡಿ ಎನ್ನುವುದು ಸಹಜ. ಬಹುಪಾಲು ಸಲ ಅದು ನಿಜವೂ ಹೌದು. ತಪ್ಪು ಆ ಊಹೆಯದಲ್ಲ. ಊಹೆ ಸರಿಯೋ ಎಂದು ಪರೀಕ್ಷಿಸಲು ಬಿಡದ ಆ ಟ್ಯೂಬ್ ಇದೆಯಲ್ಲ, ನನ್ನ ಸಿಟ್ಟೆಲ್ಲ ಅದರ ಮೇಲೆ.

ಮೆಡಿಕಲ್‌ನಲ್ಲಿ ಕೇಳದೆಯೇ ಕೊಡುವ ಈ ಟ್ಯೂಬ್‌ಗಳಲ್ಲಿ ಸಾಮಾನ್ಯವಾಗಿ ಮೂರು ಔಷಧಿಗಳ ಮಿಶ್ರಣ ಇರುತ್ತದೆ: ಫಂಗಸ್‌ಗೆ ಒಂದು, ಕೀವಿಗೆ ಒಂದು, ಜೊತೆಗೆ ಬಲವಾದ ಸ್ಟೀರಾಯ್ಡ್. ಎರಡೇ ದಿನದಲ್ಲಿ ತುರಿಕೆ ಇಳಿಸುವುದು ಈ ಸ್ಟೀರಾಯ್ಡ್. ಹುಳುಕಡ್ಡಿಗೆ ಹಚ್ಚಿದರೆ ತುರಿಕೆ ನಿಲ್ಲುತ್ತದೆ, ಫಂಗಸ್ ಮಾತ್ರ ಒಳಗೊಳಗೇ ಹಬ್ಬುತ್ತದೆ. ಚರ್ಮದ ಲಿಂಫೋಮಾಗೆ ಹಚ್ಚಿದರೆ ಕೆಟ್ಟ ಟಿ ಕಣಗಳು ಸ್ವಲ್ಪ ಕಾಲ ತಗ್ಗುತ್ತವೆ, ಮಚ್ಚೆ ಮಸುಕಾಗುತ್ತದೆ. ಎರಡರಲ್ಲೂ ರೋಗಿ ಹೇಳುವುದು ಒಂದೇ ಮಾತು: ‘ಹಚ್ಚಿದರೆ ಕಡಿಮೆ, ಬಿಟ್ಟರೆ ಮತ್ತೆ.’ ಹೀಗಾಗಿ ನೋಡುವ ಡಾಕ್ಟರಿಗೂ ದಾರಿ ತಪ್ಪುತ್ತದೆ. ಸ್ಟೀರಾಯ್ಡ್ ಮುಲಾಮುಗಳನ್ನು 2018ರಲ್ಲೇ ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಲಾಗಿದೆ. ಅಂಗಡಿಯಲ್ಲಿ ಅದು ಎಷ್ಟು ಪಾಲನೆಯಾಗುತ್ತಿದೆ ಎಂದು ನಿಮಗೇ ಗೊತ್ತು.

ಹಾಗಾದರೆ ಎರಡನ್ನೂ ಬೇರೆ ಮಾಡುವುದು ಹೇಗೆ? ಹುಳುಕಡ್ಡಿಗೆ ಅಂಚಿನಲ್ಲಿ ಚುರುಕು ಜಾಸ್ತಿ. ಅಂಚು ಉಬ್ಬಿ, ನಡುವೆ ತಿಳಿಯಾಗಿ, ಬಳೆಯಾಕಾರದಲ್ಲಿ ವಾರ ವಾರಕ್ಕೂ ಹೊರಗೆ ಹಬ್ಬುತ್ತದೆ. ಮನೆಯಲ್ಲಿ ಇನ್ನೊಬ್ಬರಿಗೂ ಇರುತ್ತದೆ. ಅಂಚನ್ನು ಕೆರೆದು ಒಂದು ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಫಂಗಸ್ ಎಳೆ ಕಾಣುತ್ತದೆ. ಅಗ್ಗದ ಪರೀಕ್ಷೆ, ಹೆಚ್ಚು ಹೊತ್ತೂ ಬೇಡ. ಆದರೆ ಮಾಡಿಸುವವರು ಕಡಿಮೆ.

ಲಿಂಫೋಮಾದ ಮಚ್ಚೆಗೆ ಅವಸರವಿಲ್ಲ. ಹೋದ ವರ್ಷ ಎಲ್ಲಿತ್ತೋ ಈ ವರ್ಷವೂ ಅಲ್ಲೇ. ಸಾಮಾನ್ಯವಾಗಿ 5 ಸೆಂ.ಮೀ.ಗಿಂತ ದೊಡ್ಡದು. ಆಕಾರಕ್ಕೆ ನಿಯಮವಿಲ್ಲ, ಒಂದು ಉದ್ದ, ಒಂದು ದುಂಡು, ಒಂದು ಅರ್ಧಚಂದ್ರ. ಒಬ್ಬರ ಮೈಮೇಲೆಯೇ ಒಂದೊಂದಕ್ಕೆ ಒಂದೊಂದು ಬಣ್ಣ. ಮೇಲ್ಮೈ ತೆಳ್ಳಗೆ, ಒಣಗಿದ ಈರುಳ್ಳಿ ಸಿಪ್ಪೆಯಂತೆ ಸಣ್ಣಗೆ ಸುಕ್ಕಾಗಿರುತ್ತದೆ. ಬೆರಳಿಂದ ಎರಡೂ ಕಡೆ ಮೆಲ್ಲಗೆ ಒತ್ತಿ ನೋಡಿದರೆ ಆ ಸುಕ್ಕು ಚೆನ್ನಾಗಿ ಗೊತ್ತಾಗುತ್ತದೆ. ಪುಸ್ತಕಗಳಲ್ಲಿ ಕೆಂಪು ಮಚ್ಚೆ ಎಂದು ಬರೆದಿರುತ್ತಾರೆ. ಅವು ಬಿಳಿ ಮೈಬಣ್ಣದವರನ್ನು ನೋಡಿ ಬರೆದ ಪುಸ್ತಕಗಳು. ನಮ್ಮ ಮೈಬಣ್ಣದಲ್ಲಿ ಅದು ಕಂದು, ನೇರಳೆ ಛಾಯೆ, ಕೆಲವರಲ್ಲಿ ಮಾಸಲು ಬಿಳಿಯಾಗಿಯೂ ಕಾಣಬಹುದು. ತುರಿಕೆ ಇರಬಹುದು, ಇಲ್ಲದೆಯೂ ಇರಬಹುದು.

ಎಲ್ಲಕ್ಕಿಂತ ಮುಖ್ಯ ಸುಳಿವು ಜಾಗ. ಬಿಸಿಲು ಕಾಣದ ಕಡೆ ಇದಕ್ಕೆ ಇಷ್ಟ. ಕೂರುವ ಜಾಗ, ಸೊಂಟ, ಹೊಟ್ಟೆಯ ಕೆಳಭಾಗ, ತೊಡೆಯ ಒಳಬದಿ, ತೋಳಿನ ಒಳಬದಿ, ಹೆಂಗಸರಲ್ಲಿ ಸ್ತನ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಈ ಕಣಗಳನ್ನು ತಗ್ಗಿಸುತ್ತದೆ. ಬರೀ ಪಂಚೆ ಸುತ್ತಿಕೊಂಡು ತೋಟಕ್ಕೆ ಹೋಗುವವರ ಬೆನ್ನಿಗೆ ಬಿಸಿಲು ಬೀಳುತ್ತದೆ, ಪಂಚೆಯ ಒಳಗೆ ಬೀಳುವುದಿಲ್ಲ, ಅಲ್ವಾ? ಆ ಮುಚ್ಚಿದ ಜಾಗವನ್ನು ನಾಚಿಕೆಯಿಂದ ಡಾಕ್ಟರಿಗೆ ತೋರಿಸದೆ ಬರುವವರೂ ಇದ್ದಾರೆ. ಕೈ ಮೇಲಿನ ಒಂದು ಮಚ್ಚೆ ತೋರಿಸಿ, ‘ಇಂಥವೇ ಇನ್ನೂ ಇವೆ’ ಎಂದು ಬಾಯಲ್ಲಿ ಹೇಳುತ್ತಾರೆ. ತೋರಿಸಲೇಬೇಕು. ಡಾಕ್ಟರೂ ಬಟ್ಟೆ ತೆಗೆಸಿ ಪೂರ್ತಿ ಮೈ ನೋಡಲೇಬೇಕು.

ಕ್ಯಾನ್ಸರ್ ಅಂದರೆ ಜ್ವರ, ತೂಕ ಇಳಿಯುವುದು, ಸುಸ್ತು ಎಂದು ಕಾಯುವವರಿಗೂ ಒಂದು ಮಾತು. ಈ ಕಾಯಿಲೆಯ ಮೊದಲ ಹಂತಗಳಲ್ಲಿ ಅವೊಂದೂ ಇರುವುದಿಲ್ಲ. ಊಟ ಸೇರುತ್ತದೆ, ನಿದ್ದೆ ಬರುತ್ತದೆ, ಅಡಿಕೆ ಕೊನೆ ಕೊಯ್ಲಿಗೂ ಹೋಗುತ್ತಾರೆ. ಜ್ವರ ಬಂದರೆ ಈ ಕಡೆಯಲ್ಲಿ ಮೊದಲು ಮಂಗನ ಕಾಯಿಲೆ, ಇಲಿ ಜ್ವರ, ಡೆಂಗ್ಯೂ ನೋಡಬೇಕೇ ಹೊರತು ಇದನ್ನಲ್ಲ.

ನಾನು ಪಾಲಿಸುವ ಕ್ರಮ ಇಷ್ಟು. ಸ್ಟೀರಾಯ್ಡ್ ಇಲ್ಲದ ಸರಿಯಾದ ಔಷಧಿ ಕೊಟ್ಟ ಮೇಲೂ ಆರು ತಿಂಗಳಿಂದ ಮಚ್ಚೆ ಅಲ್ಲೇ ಕೂತಿದ್ದರೆ, ಅದರಲ್ಲೂ ಬಟ್ಟೆ ಮುಚ್ಚುವ ಜಾಗದಲ್ಲಿದ್ದರೆ, ಬಯಾಪ್ಸಿ ಮಾಡಬೇಕು. ಇಸುಬು, ಸೋರಿಯಾಸಿಸ್ ಎಂದು ಮೊದಲು ಬರೆದ ಚೀಟಿ ಇದ್ದರೂ ಸರಿ. ವಾಸಿಯಾಗದ ಇಸುಬು ಎಂದು ಸೈಕ್ಲೋಸ್ಪೋರಿನ್‌ನಂಥ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಶುರು ಮಾಡುವ ಮೊದಲಂತೂ ಮಾಡಲೇಬೇಕು. ಲಿಂಫೋಮಾ ಇದ್ದವರಿಗೆ ಅದನ್ನು ಕೊಟ್ಟರೆ ಕಾಯಿಲೆ ಒಮ್ಮೆಲೇ ಜೋರಾಗಬಹುದು.

ಬಯಾಪ್ಸಿ ಮಾಡಿದ ಕೂಡಲೇ ಉತ್ತರ ಸಿಗುತ್ತದೆ ಎಂದೂ ಇಲ್ಲ. ಶುರುವಿನಲ್ಲಿ ಚರ್ಮದಲ್ಲಿ ಕೆಟ್ಟ ಕಣಗಳು ಕಡಿಮೆ, ಉರಿಯೂತದ ಒಳ್ಳೆಯ ಕಣಗಳೇ ಜಾಸ್ತಿ. ಮೊದಲ ರಿಪೋರ್ಟಿನಲ್ಲಿ ‘ಸಾಮಾನ್ಯ ಚರ್ಮದ ಉರಿಯೂತ’ ಎಂದು ಬಂದರೆ ಪೆಥಾಲಜಿಸ್ಟ್ ತಪ್ಪು ಮಾಡಿದರು ಎಂದಲ್ಲ. ಎರಡನೇ, ಮೂರನೇ ಸಲ ತೆಗೆದ ಮೇಲೆ ಖಚಿತವಾದವರು ಬಹಳ ಮಂದಿ. ಸ್ಟೀರಾಯ್ಡ್ ಹಚ್ಚುತ್ತಿದ್ದರೆ ಎರಡರಿಂದ ನಾಲ್ಕು ವಾರ ನಿಲ್ಲಿಸಿ ಆಮೇಲೆ ತೆಗೆಯಬೇಕು, ಇಲ್ಲದಿದ್ದರೆ ಹುಡುಕುತ್ತಿರುವ ಕಣಗಳೇ ಸಿಗುವುದಿಲ್ಲ. ಎರಡು ಬೇರೆ ಮಚ್ಚೆಗಳಿಂದ ತೆಗೆದರೆ ಇನ್ನೂ ಒಳ್ಳೆಯದು. ನಿಮ್ಮ ಡಾಕ್ಟರು ಎರಡು ಕಡೆ ತೆಗೆದದ್ದು ಓದಿದಾಗಲೇ ಅಪ್ಪ ಬಲ್ಲವರ ಕೈಯಲ್ಲಿದ್ದಾರೆ ಅನ್ನಿಸಿತು. ಕೆಟ್ಟ ಟಿ ಕಣಗಳು ಚರ್ಮದ ಮೇಲಿನ ಪದರಕ್ಕೆ ನುಗ್ಗಿ ಅಲ್ಲಲ್ಲಿ ಗುಂಪುಗಟ್ಟಿರುವುದು ಸೂಕ್ಷ್ಮದರ್ಶಕದಲ್ಲಿ ಕಾಣುವ ಮುಖ್ಯ ಗುರುತು. ಸಂಶಯ ಉಳಿದರೆ ಇಮ್ಯುನೊ ಹಿಸ್ಟೋಕೆಮಿಸ್ಟ್ರಿ ಎಂಬ ಬಣ್ಣದ ಪರೀಕ್ಷೆ ಮಾಡುತ್ತಾರೆ. ಆ ಕಣಗಳೆಲ್ಲ ಒಂದೇ ಕಣದ ಸಂತಾನವೋ ಎಂದು ತಿಳಿಯುವ ಜೀನ್ ಪರೀಕ್ಷೆಯೂ ಇದೆ.

ಈಗ ಹಂತಗಳ ವಿಷಯ. ಇಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿವೆ. ಜನ ಅವೆರಡನ್ನೂ ಕಲಸಿಕೊಂಡು ಗಾಬರಿಯಾಗುತ್ತಾರೆ.

ಮೊದಲನೆಯದು ಚರ್ಮ ಹೇಗೆ ಕಾಣುತ್ತದೆ ಎನ್ನುವುದು. ಫ್ರಾನ್ಸಿನ ಬಾಜ಼ಾಂ ಎಂಬ ವೈದ್ಯ 1870ರಲ್ಲಿ ಮೂರು ಮೆಟ್ಟಿಲುಗಳನ್ನು ಗುರುತಿಸಿದ, ಇವತ್ತಿಗೂ ಅದೇ ಬಳಕೆಯಲ್ಲಿದೆ. ಚಪ್ಪಟೆ ಮಚ್ಚೆ ಮೊದಲನೆಯದು. ಕಣ್ಣು ಮುಚ್ಚಿ ಕೈಯಾಡಿಸಿದರೆ ಗೊತ್ತೇ ಆಗುವುದಿಲ್ಲ. ಎರಡನೆಯದು ದಪ್ಪ ಮಚ್ಚೆ, ಕೈಯಾಡಿಸಿದರೆ ಅಂಚು ತಾಗುತ್ತದೆ. ಮೂರನೆಯದು ಗಡ್ಡೆ, ಅದು ಒಡೆದು ಹುಣ್ಣಾಗಬಹುದು. ಎಲ್ಲರೂ ಈ ಮೂರೂ ಮೆಟ್ಟಿಲು ಹತ್ತುತ್ತಾರೆ ಎಂದು ಮಾತ್ರ ತಿಳಿಯಬೇಡಿ. ಚಪ್ಪಟೆ ಮಚ್ಚೆಯಲ್ಲೇ ಇಪ್ಪತ್ತು ವರ್ಷ ಕಳೆದು, ಕೊನೆಗೆ ಬೇರೇನೋ ಕಾರಣಕ್ಕೆ ತೀರಿಕೊಂಡವರು ಇದ್ದಾರೆ.

ಎರಡನೆಯದು ನಿಮ್ಮ ಡಾಕ್ಟರು ಹೇಳಿದ 1ಬಿ ಎಂಬ ಲೆಕ್ಕ. ಇದಕ್ಕೆ ಚರ್ಮ, ಗ್ರಂಥಿ, ಒಳಗಿನ ಅಂಗ, ರಕ್ತ ನಾಲ್ಕನ್ನೂ ನೋಡುತ್ತಾರೆ. ಚರ್ಮವನ್ನು ಅಳೆಯಲು ರೋಗಿಯ ಅಂಗೈಯೇ ಸಾಕು. ಬೆರಳೂ ಸೇರಿ ಅವರದೇ ಒಂದು ಅಂಗೈ ಎಂದರೆ ಮೈಯ ಸುಮಾರು ಶೇ. 1. ಮಚ್ಚೆಗಳೆಲ್ಲ ಸೇರಿ ಹತ್ತು ಅಂಗೈಗಿಂತ ಕಡಿಮೆ ಇದ್ದು ಬೇರೆಲ್ಲೂ ಏನೂ ಇಲ್ಲದಿದ್ದರೆ 1ಎ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 1ಬಿ. ನಿಮ್ಮ ಅಪ್ಪ ಇರುವುದು ಇಲ್ಲಿ. ಮಚ್ಚೆಗಳ ಜೊತೆ ಕಂಕುಳಲ್ಲೋ ತೊಡೆಸಂದಿಯಲ್ಲೋ ಗ್ರಂಥಿ ದಪ್ಪವಾಗಿದ್ದು, ಒಳಗೆ ಲಿಂಫೋಮಾ ಪೂರ್ತಿ ತುಂಬಿರದಿದ್ದರೆ 2ಎ. ಒಂದು ಸೆಂ.ಮೀ. ಅಥವಾ ಅದಕ್ಕಿಂತ ದೊಡ್ಡ ಗಡ್ಡೆ ಎದ್ದರೆ 2ಬಿ. ಮೈಯ ಶೇ. 80ರಷ್ಟೋ ಅದಕ್ಕಿಂತ ಹೆಚ್ಚೋ ಕೆಂಪಾಗಿ ಸಿಪ್ಪೆ ಉದುರಿದರೆ 3. ರಕ್ತದಲ್ಲಿ ಕೆಟ್ಟ ಕಣಗಳು ಬಹಳ ಏರಿದರೆ, ಗ್ರಂಥಿ ಪೂರ್ತಿ ಹಾಳಾದರೆ, ಇಲ್ಲವೇ ಒಳಗಿನ ಅಂಗಕ್ಕೆ ಹರಡಿದರೆ 4.

ಈ ಲೆಕ್ಕದಲ್ಲಿ ಒಂದು ವಿಚಿತ್ರವಿದೆ. 2ಬಿ ಅನ್ನುವುದು 3ಕ್ಕಿಂತ ಹಗುರ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗೇನಿಲ್ಲ, ಗಡ್ಡೆ ಎದ್ದವರ ಪಾಡು ಕೆಲವೊಮ್ಮೆ ಮೈಯೆಲ್ಲ ಕೆಂಪಾದವರಿಗಿಂತ ಕಷ್ಟ. 2ಎ ಮತ್ತು 2ಬಿ ನಡುವಿನ ಅಂತರವೇ ಈ ಕಾಯಿಲೆಯಲ್ಲಿ ದೊಡ್ಡದು. ಬರೀ ನಂಬರ್ ಹಿಡಿದು ಮೊಬೈಲ್‌ನಲ್ಲಿ ಹುಡುಕಬೇಡಿ. ಬೇರೆ ಲಿಂಫೋಮಾಗಳ ಹಂತಗಳ ಪಟ್ಟಿ ಸಿಗುತ್ತದೆ, ಅದು ಇದಕ್ಕೆ ಲಗತ್ತಾಗುವುದಿಲ್ಲ.

ಮುಂದೇನಾಗಬಹುದು? 1ಎ ಹಂತದವರ ಆಯಸ್ಸು ಅದೇ ವಯಸ್ಸಿನ ಬೇರೆಯವರ ಆಯಸ್ಸಿಗೆ ಹತ್ತಿರ ಹತ್ತಿರ. ಸುಮಾರು ಹತ್ತರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ ಮುಂದಿನ ಹಂತಕ್ಕೆ ಹೋಗುತ್ತದೆ. 1ಬಿಯಲ್ಲಿ ಅದು ಜಾಸ್ತಿ, ಸುಮಾರು ಐದರಲ್ಲಿ ಒಬ್ಬರಿಗೆ. ಅಂದರೆ ಐದರಲ್ಲಿ ನಾಲ್ವರು ವರ್ಷಗಟ್ಟಲೆ ಇದೇ ಹಂತದಲ್ಲಿ ಇರುತ್ತಾರೆ. ನಾನು ನಿಮ್ಮ ಅಪ್ಪನನ್ನು ನೋಡಿಲ್ಲ. ಅವರ ಮಚ್ಚೆಗಳು ಚಪ್ಪಟೆಯೋ ದಪ್ಪವೋ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಚಪ್ಪಟೆ ಎಂದರೆ ಇನ್ನೂ ನಿರಾಳ.

ಇನ್ನು ಕೀಮೋ. ‘ಕ್ಯಾನ್ಸರ್ ಸಣ್ಣದಿರುವಾಗಲೇ ಜೋರಾಗಿ ಹೊಡೆದುಬಿಟ್ಟರೆ ಮುಗಿಯಿತಲ್ಲ’ ಎಂದು ನಿಮ್ಮ ನೆಂಟರು ಹೇಳುತ್ತಿರಬೇಕು. ಡಾಕ್ಟರುಗಳಿಗೂ ಒಂದು ಕಾಲದಲ್ಲಿ ಹಾಗೇ ಅನ್ನಿಸಿತ್ತು. ಅಮೆರಿಕದಲ್ಲಿ ಇದನ್ನು ಸರಿಯಾಗಿ ಪರೀಕ್ಷಿಸಿ 1989ರಲ್ಲಿ ಫಲಿತಾಂಶ ಪ್ರಕಟಿಸಿದರು. 103 ರೋಗಿಗಳು. ಅರ್ಧದಷ್ಟು ಜನರಿಗೆ ಶುರುವಿನಲ್ಲೇ ಪೂರ್ತಿ ಮೈಗೆ ಎಲೆಕ್ಟ್ರಾನ್ ವಿಕಿರಣ, ಜೊತೆಗೆ ಹಲವು ಔಷಧಿಗಳ ಕೀಮೋ. ಉಳಿದವರಿಗೆ ಚರ್ಮಕ್ಕೆ ಹಚ್ಚುವ ಔಷಧಿಯಿಂದ ಶುರು ಮಾಡಿ, ಬೇಕಾದಾಗ ಮಾತ್ರ ಮುಂದಿನ ಮೆಟ್ಟಿಲು. ಜೋರು ಚಿಕಿತ್ಸೆ ಪಡೆದವರ ಮಚ್ಚೆಗಳು ಹೆಚ್ಚು ಮಾಯವಾದವು, ನಿಜ. ಆದರೆ ಬದುಕಿ ಉಳಿದವರ ಲೆಕ್ಕದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಬರಲಿಲ್ಲ. ಜೋರು ಚಿಕಿತ್ಸೆಯವರು ಅಡ್ಡಪರಿಣಾಮ ಮಾತ್ರ ಜಾಸ್ತಿ ಅನುಭವಿಸಿದರು. ಅಲ್ಲಿಂದ ಈಚೆಗೆ ಮೊದಲ ಹಂತಗಳಲ್ಲಿ ಚರ್ಮಕ್ಕಷ್ಟೇ ಚಿಕಿತ್ಸೆ ಎನ್ನುವುದು ಗಟ್ಟಿಯಾಯಿತು. ಕಾರಣವೂ ಅರ್ಥವಾಗುವಂಥದ್ದೇ. ಹೆಚ್ಚಿನ ಕೀಮೋ ಔಷಧಿಗಳು ಬೇಗ ಬೇಗ ಹೆಚ್ಚುವ ಕಣಗಳನ್ನು ಕೊಲ್ಲುತ್ತವೆ. ಇವು ನಿಧಾನದ ಕಣಗಳು. ಕೀಮೋ ಅವುಗಳಿಗಿಂತ ಮೊದಲು ರೋಗಿಯ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ, ಈ ಕಾಯಿಲೆಯನ್ನು ಹದ್ದುಬಸ್ತಿನಲ್ಲಿ ಇಟ್ಟಿರುವುದೇ ಆ ಶಕ್ತಿ.

ನಿಮ್ಮ ಅಪ್ಪನಿಗೆ ಹೇಳಿರುವುದು ಬಹುಶಃ ನ್ಯಾರೋಬ್ಯಾಂಡ್ ಯುವಿಬಿ. 311 ನ್ಯಾನೊಮೀಟರ್ ಆಸುಪಾಸಿನ ಅತಿನೇರಳೆ ಬೆಳಕು. ನಿಂತುಕೊಳ್ಳುವ ಪೆಟ್ಟಿಗೆಯೊಳಗೆ ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ ಕೆಲವೇ ನಿಮಿಷ. ಕಣ್ಣಿಗೆ ಕನ್ನಡಕ, ಜನನಾಂಗಕ್ಕೆ ಮುಚ್ಚಿಗೆ ತಪ್ಪಬಾರದು. ಚಪ್ಪಟೆ ಮಚ್ಚೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ದಪ್ಪ ಮಚ್ಚೆಗೆ, ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುವ ಸೊರಾಲೆನ್ ಮಾತ್ರೆ ಕೊಟ್ಟು ಯುವಿಎ ಎಂಬ ಇನ್ನೊಂದು ಬಗೆಯ ಅತಿನೇರಳೆ ಬೆಳಕು ಕೊಡುವುದು ಹೆಚ್ಚು ಆಳಕ್ಕೆ ಇಳಿಯುತ್ತದೆ. ಅದಕ್ಕೆ ಪೂವಾ ಎನ್ನುತ್ತಾರೆ. ಮಾತ್ರೆ ತಗೊಂಡ ದಿನ ಪೂರ್ತಿ ಕಪ್ಪು ಕನ್ನಡಕ ಹಾಕಬೇಕು.

ತೊಂದರೆ ಇರುವುದು ಔಷಧಿಯಲ್ಲಲ್ಲ, ಓಡಾಟದಲ್ಲಿ. ಹೊಸನಗರದಿಂದ ವಾರಕ್ಕೆ ಮೂರು ಸಲ ಶಿವಮೊಗ್ಗಕ್ಕೆ ಬಸ್ಸು ಹತ್ತುವುದು ಮಳೆಗಾಲದಲ್ಲಿ ಸುಲಭವಲ್ಲ. ಅಡಿಕೆ ಕೊಯ್ಲು ಬಂತು, ಮನೇಲಿ ಕಾರ್ಯ ಬಂತು ಎಂದು ಮೂರು ವಾರ ತಪ್ಪಿಸಿದರೆ ಡೋಸ್ ಮತ್ತೆ ಕೆಳಗಿನಿಂದ ಏರಿಸಬೇಕು. ಎರಡು ತಿಂಗಳಲ್ಲಿ ಏನೂ ಕಾಣಲಿಲ್ಲ ಎಂದು ಬಿಟ್ಟುಬಿಡುವವರೂ ಇದ್ದಾರೆ. ನಾಲ್ಕರಿಂದ ಆರು ತಿಂಗಳಾದರೂ ಬೇಕು ಎಂದು ಮನಸ್ಸು ಮಾಡಿಕೊಂಡು ಶುರು ಮಾಡಿ. ಕಷ್ಟ ಅನ್ನಿಸಿದರೆ ಮಳೆಗಾಲಕ್ಕೆ ಶಿವಮೊಗ್ಗದಲ್ಲಿ ನೆಂಟರ ಮನೆ ನೋಡಿಕೊಳ್ಳುವುದು ಬೆಂಗಳೂರಿಗೆ ಎರಡು ಸಲ ಕಾರು ಮಾಡಿಸುವುದಕ್ಕಿಂತ ಉಪಯೋಗದ ಖರ್ಚು. ಸುಮ್ನೆ ಅಂಗಳದಲ್ಲಿ ಬಿಸಿಲು ಕಾಯಿಸಿದರೆ ಆಗದಾ ಎಂದು ಕೇಳುತ್ತಾರೆ. ಆಗುವುದಿಲ್ಲ. ಬಿಸಿಲಿಗೆ ಅಳತೆ ಇಲ್ಲ, ಮಲೆನಾಡಿನ ಜುಲೈಯಲ್ಲಂತೂ ಬಿಸಿಲೇ ಇಲ್ಲ.

ಬೆಳಕಿನ ಜೊತೆ ಹಚ್ಚಲು ಕ್ಲೊಬೆಟಾಸಾಲ್ ಎಂಬ ಬಲವಾದ ಸ್ಟೀರಾಯ್ಡ್ ಕೊಡಬಹುದು. ಓದಿ ನಿಮಗೆ ನಗು ಬರಬಹುದು, ಆ ಟ್ಯೂಬನ್ನೇ ಅಲ್ವಾ ಮೇಲೆ ಬೈದದ್ದು! ವ್ಯತ್ಯಾಸ ಇದೆ. ಈಗ ಕಾಯಿಲೆಯ ಹೆಸರು ಗೊತ್ತಿದೆ, ಎಲ್ಲಿಗೆ, ಎಷ್ಟು ದಿನ, ಎಷ್ಟು ಅಂತ ಗೊತ್ತಿದೆ, ಒಬ್ಬರು ನೋಡುತ್ತಿದ್ದಾರೆ. ಬೆಳಕಿಗೆ ಬಗ್ಗದಿದ್ದರೆ ಕಡಿಮೆ ಡೋಸಿನ ಮೆಥೊಟ್ರೆಕ್ಸೇಟ್, ಅಸಿಟ್ರೆಟಿನ್, ಇಂಟರ್ಫೆರಾನ್ ಎಂಬ ಔಷಧಿಗಳಿವೆ. ಹಟಮಾರಿ ದಪ್ಪ ಮಚ್ಚೆಯೋ ಗಡ್ಡೆಯೋ ಇದ್ದರೆ ಆ ಜಾಗಕ್ಕಷ್ಟೇ ಸಣ್ಣ ಪ್ರಮಾಣದ ವಿಕಿರಣ, ಎರಡು ಸಲಕ್ಕೆ ಒಟ್ಟು 8 ಗ್ರೇ (ಗ್ರೇ ಎಂದರೆ ವಿಕಿರಣದ ಅಳತೆ), ಬಹಳ ಚೆನ್ನಾಗಿ ಕರಗಿಸುತ್ತದೆ. ಪೂರ್ತಿ ಮೈಗೆ ಎಲೆಕ್ಟ್ರಾನ್ ವಿಕಿರಣ ಕೊಡುವ ವ್ಯವಸ್ಥೆ ಎಲ್ಲ ರೇಡಿಯೊಥೆರಪಿ ಕೇಂದ್ರಗಳಲ್ಲೂ ಇರುವುದಿಲ್ಲ, ಅದು ಬೇಕಾದ ದಿನ ಬೆಂಗಳೂರೋ ಇನ್ನೊಂದೋ ನೋಡೋಣ. ಪೂರ್ತಿ ವಾಸಿಯಾಗುತ್ತದಾ ಎಂದು ಕೇಳಿದರೆ, ಮಚ್ಚೆ ಮಾಯವಾಗಬಹುದು, ವರ್ಷಗಟ್ಟಲೆ ಬರದೇ ಇರಬಹುದು, ಮತ್ತೆ ಬರಲೂಬಹುದು. ಬಂದರೆ ಮತ್ತೆ ಅದೇ ಬೆಳಕು. ಬಿಪಿ, ಶುಗರ್ ಹಾಗೆ ನೋಡಿಕೊಂಡು ಹೋಗುವ ಕಾಯಿಲೆ ಇದು.

ಆದರೆ ಕೆಲವನ್ನು ಕಂಡರೆ ಮುಂದಿನ ತಾರೀಖಿಗೆ ಕಾಯಬೇಡಿ. ಮಚ್ಚೆಯ ಮೇಲೆ ಗಂಟು ಏಳುವುದು. ಮಚ್ಚೆ ಒಡೆದು ಹುಣ್ಣಾಗುವುದು. ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ನೋವಿಲ್ಲದ ಗಂಟು 1.5 ಸೆಂ.ಮೀ. ಅಥವಾ ಅದಕ್ಕಿಂತ ದಪ್ಪವಾಗುವುದು. ಮೈಯೆಲ್ಲ ಕೆಂಪಾಗಿ ಸಿಪ್ಪೆ ಉದುರುವುದು, ಅಂಗೈ ಅಂಗಾಲು ದಪ್ಪವಾಗಿ ಬಿರಿಯುವುದು, ರಾತ್ರಿಯೆಲ್ಲ ನಿದ್ದೆಗೆಡಿಸುವ ತುರಿಕೆ. ಈ ಕೊನೆಯ ಮೂರೂ ಒಟ್ಟಿಗೆ ಬಂದರೆ ಸೆಜ಼ಾರಿ ಸಿಂಡ್ರೋಮ್ ಎಂಬ ರಕ್ತಕ್ಕೆ ಹಬ್ಬಿದ ರೂಪವೋ ಎಂದು ನೋಡಬೇಕು. ಇನ್ನೊಂದು, ಹುಣ್ಣಿನಿಂದ ಕೀವು, ಜೊತೆಗೆ ಚಳಿ ಜ್ವರ. ಮುಂದುವರಿದ ಹಂತದಲ್ಲಿ ಲಿಂಫೋಮಾಕ್ಕಿಂತ ಹೆಚ್ಚಾಗಿ ಚರ್ಮದಿಂದ ನುಗ್ಗುವ ಸೋಂಕೇ ಜೀವಕ್ಕೆ ಮುಳುವಾಗುತ್ತದೆ. ತೋಟದ ಗಾಯವನ್ನೂ ಹಾಗೇ ಬಿಡಬೇಡಿ.

ಕೊಳೆ ಔಷಧಿ ಬಗ್ಗೆ ಕೇಳಿದ್ದೀರಿ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಎಂದರೆ ಮೈಲುತುತ್ತ ಮತ್ತು ಸುಣ್ಣ. ಮೈಗೆ ಬಿದ್ದರೆ ಉರಿ, ಕಜ್ಜಿ ಆಗಬಹುದು. ಅದರಿಂದ ಈ ಲಿಂಫೋಮಾ ಬರುತ್ತದೆ ಎನ್ನಲು ಆಧಾರವಿಲ್ಲ. ಇದಕ್ಕೆ ಇಂಥದ್ದೇ ಕಾರಣ ಎಂದು ಇನ್ನೂ ಯಾವುದೂ ಸಾಬೀತಾಗಿಲ್ಲ. ಅಪ್ಪ ಏನೋ ತಪ್ಪು ಮಾಡಿದ್ದಕ್ಕೆ ಬಂತು ಎಂದು ಮನೆಯಲ್ಲಿ ಯಾರೂ ಹೇಳಬಾರದು. ಪಥ್ಯವೂ ಇಲ್ಲ. ಬದನೆ, ಮೀನು, ಹುಳಿ ಯಾವುದನ್ನೂ ಬಿಡಿಸಬೇಡಿ. ಬಿಡಬೇಕಾದದ್ದು ಒಂದೇ, ಹಂಡೆಯ ಕುದಿ ಕುದಿ ನೀರಿನ ಸ್ನಾನ! ನಮ್ಮ ಕಡೆಯವರಿಗೆ ಅದು ಊಟಕ್ಕಿಂತ ಪ್ರಿಯ, ನನಗೂ ಗೊತ್ತು. ಬಿಸಿನೀರು ಚರ್ಮ ಒಣಗಿಸಿ ತುರಿಕೆ ಹೆಚ್ಚಿಸುತ್ತದೆ. ಉಗುರುಬೆಚ್ಚಗಿನ ನೀರು, ಉಜ್ಜುವ ಕತ್ತ ಬೇಡ, ಮೈ ಒರೆಸಿದ ಕೂಡಲೇ ಮಾಯಿಶ್ಚರೈಸರ್ ಅಥವಾ ಕೊಬ್ಬರಿ ಎಣ್ಣೆ.

ತಂಗಿಯ ಮಗನ ವಿಷಯ. ಮಕ್ಕಳ ಕೆನ್ನೆಯ ಮೇಲಿನ ಮಾಸಲು ಬಿಳಿ ಮಚ್ಚೆ ಬಹುಪಾಲು ಪಿಟಿರಿಯಾಸಿಸ್ ಆಲ್ಬಾ. ಒಣ ಚರ್ಮದ ಮಕ್ಕಳಲ್ಲಿ ಬರುತ್ತದೆ, ಎಣ್ಣೆ ಹಚ್ಚಿ, ತನ್ನಷ್ಟಕ್ಕೆ ಹೋಗುತ್ತದೆ. ಅಜ್ಜನ ಕಾಯಿಲೆಗೂ ಅದಕ್ಕೂ ನಂಟಿಲ್ಲ. ಆದರೂ ನಮ್ಮಂಥ ಮೈಬಣ್ಣದವರಲ್ಲಿ, ಮಕ್ಕಳು ಮತ್ತು ಹದಿಹರೆಯದವರಲ್ಲಿ, ಈ ಲಿಂಫೋಮಾ ಬಿಳಿ ಮಚ್ಚೆಯಾಗಿ ಬರುವ ಒಂದು ರೂಪ ಇದೆ. ಕೆನ್ನೆಗಿಂತ ಹೆಚ್ಚಾಗಿ ಸೊಂಟ, ತೊಡೆ, ಕೂರುವ ಜಾಗದಲ್ಲಿ ಕಾಣುತ್ತದೆ. ಅದನ್ನು ಸಿಬ್ಬು, ತೊನ್ನು, ಕೆಲವೊಮ್ಮೆ ಕುಷ್ಠ ಎಂದು ತಿಳಿಯುತ್ತಾರೆ. ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶ ಕಡಿಮೆಯಾಗಿರುತ್ತದೆ, ಇದರಲ್ಲಿ ಚುಚ್ಚಿದರೆ ಗೊತ್ತಾಗುತ್ತದೆ. ಈ ಬಿಳಿ ರೂಪ ಬಹಳ ಸೌಮ್ಯ, ಬೆಳಕಿನ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಹುಡುಗನಿಗೆ ಕೆನ್ನೆ ಬಿಟ್ಟು ಬೇರೆಲ್ಲೂ ಇಲ್ಲದಿದ್ದರೆ ಚಿಂತೆ ಬಿಡಿ. ಮೈಮೇಲೂ ಇದ್ದು ತಿಂಗಳುಗಟ್ಟಲೆ ಹೋಗದಿದ್ದರೆ ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಿ.

ನೆಂಟರ ಸಮಾಧಾನಕ್ಕಾದರೂ ಎರಡನೇ ಅಭಿಪ್ರಾಯ ಬೇಕು ಎಂದರೆ ಅದರಲ್ಲಿ ತಪ್ಪಿಲ್ಲ, ನಿಮ್ಮ ಡಾಕ್ಟರೂ ಬೇಸರ ಮಾಡಿಕೊಳ್ಳುವುದಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ, ಘಾಟಿ ಇಳಿದರೆ ಮಣಿಪಾಲ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಎಲ್ಲಿಗೆ ಹೋದರೂ ಅಪ್ಪನ ಜೊತೆ ಹೋಗಬೇಕಾದದ್ದು ಬರೀ ರಿಪೋರ್ಟಿನ ಹಾಳೆಯಲ್ಲ. ಬಯಾಪ್ಸಿ ಮಾಡಿದ ಲ್ಯಾಬಿನಿಂದ ಗಾಜಿನ ಸ್ಲೈಡ್‌ಗಳನ್ನೂ ಮೇಣದ ಬ್ಲಾಕನ್ನೂ ಕೇಳಿ ತಗೊಳ್ಳಿ. ಅವು ಇದ್ದರೆ ಮತ್ತೆ ಚರ್ಮ ಕತ್ತರಿಸದೆಯೇ ಇನ್ನೊಬ್ಬ ಪೆಥಾಲಜಿಸ್ಟ್ ನೋಡಬಹುದು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಸೌಲಭ್ಯವಿದೆ, ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಮೊದಲೇ ಮಾಡಿಸಿಕೊಳ್ಳಿ. ಜೊತೆಗೆ ತಿಂಗಳಿಗೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು, ಅಪ್ಪನ ಮಚ್ಚೆಗಳ ಫೋಟೊ ತೆಗೆದು ಮೊಬೈಲ್‌ನಲ್ಲಿ ತಾರೀಖಿನೊಂದಿಗೆ ಇಟ್ಟುಕೊಳ್ಳಿ. ಬೆಳಕಿನ ಚಿಕಿತ್ಸೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ನಾಲ್ಕನೇ ತಿಂಗಳಲ್ಲಿ ತೀರ್ಮಾನಿಸುವಾಗ ಡಾಕ್ಟರು ಮೊದಲು ಕೇಳುವುದು ಅದನ್ನೇ.